ಮಳೆಯ ತೂಕ

ಸಿದ್ದಾಪುರದ ಭಾನುವಾರದ ಸಂತೆಯಲ್ಲಿ
ನನ್ನದು ಎರಡು ಗೋಣಿ ಹಾಸುವಷ್ಟು ಜಾಗ,
ಮುರಿದ ಕೊಡೆಗೆ ಕಡ್ಡಿ ಕೂರಿಸುವ ಕೆಲಸ.
ಪಕ್ಕದಲ್ಲಿ ನಬೀಸುಮ್ಮನ ಒಣಮೀನು.
ಹನ್ನೊಂದು ವರ್ಷವಾಯಿತು,
ನನ್ನ ಮೂಗು ದೂರು ಹೇಳುವುದನ್ನು ಬಿಟ್ಟಿದೆ.

ಜೂನಿನಲ್ಲಿ ದೋಣಿ ಕಡಲಿಗಿಳಿಯುವಂತಿಲ್ಲ,
ಹಸಿಮೀನಿನ ಗಾಡಿ ಘಟ್ಟ ಹತ್ತುವುದಿಲ್ಲ.
ಕಕ್ಕಡ ಮುಗಿಯುವ ತನಕ ಅವಳಿಗೆ ಸುಗ್ಗಿ.
ನನಗೂ.
ಊರೆಲ್ಲ ಆಕಾಶಕ್ಕೆ ಬೈಯುವಾಗ
ನಾವಿಬ್ಬರು ಎಲೆಯಡಿಕೆ ಹಂಚಿಕೊಂಡು
ಏನೂ ಗೊತ್ತಿಲ್ಲದವರಂತೆ ಕೂರುತ್ತೇವೆ.

ಸೊಂಟದ ಚೀಲದಲ್ಲಿರುವುದು ಮುಂದಿನ ಸರಕಿನ ದುಡ್ಡು.
ಅದಕ್ಕೆ ಹಸಿವಾದರೂ ಕೈ ಹಾಕುವುದಿಲ್ಲ.
ಸುಂಕದವನಿಗೆ, ಚಹಾದವನಿಗೆ ಬಿಸ್ಕತ್ತಿನ ಡಬ್ಬ.
ಇನ್ನೊಂದಿಷ್ಟು ಗೋಣಿಯ ಮಡಿಕೆಯೊಳಗೆ
ಅವಳೇ ತನ್ನಿಂದ ಕದ್ದಿಡುವ ಹತ್ತು, ಇಪ್ಪತ್ತು.
ಮೊಮ್ಮಗಳ ಕನ್ನಡಕ ಬಂದದ್ದು ಅಲ್ಲಿಂದ.

ನಾಲ್ಕು ಗಂಟೆಗೆ ಪಿಗ್ಮಿ ವಾಮನ ಬರುತ್ತಾನೆ,
ಪ್ಲಾಸ್ಟಿಕ್ ಹೊದ್ದ ಪುಸ್ತಕ, ಕಿವಿಯಲ್ಲಿ ಪೆನ್ನು.
ವ್ಯಾಪಾರ ಕೆಟ್ಟ ದಿನ ಅವನೇ ಹೇಳುತ್ತಾನೆ,
ಇರಲಿ ಉಮ್ಮ, ಬರುವ ವಾರ ನೋಡುವ.
"ಹತ್ತು ಬರಿ," ಅನ್ನುತ್ತಾಳೆ, "ಆದ್ರೆ ಬರಿ.
ಖಾಲಿ ಬಿಟ್ಟ ದಿನ ಪುಸ್ತಕ ನನ್ನನ್ನು ಮರೀತದೆ."

ತೋಟಕ್ಕೆ ಬಂದ ಅಸ್ಸಾಮಿನ ಹುಡುಗ
ಚೌಕದ ಚೀಟಿಗೆ ಫೋನು ಹಿಡಿಯುತ್ತಾನೆ.
ಅರವತ್ತು ರೂಪಾಯಿ ಬಂತೆಂದು ಪೆಟ್ಟಿಗೆ ಕೂಗುತ್ತದೆ.
ಬಂದದ್ದು ಅಳಿಯನ ಖಾತೆಗೆ.
"ಕೂಗೋದು ನನ್ನ ಹತ್ರ, ಬೀಳೋದು ಅವನ ಹತ್ರ,"
ಅಂದು ಪೆಟ್ಟಿಗೆಯ ಬಾಯಿಗೆ
ಒಂದು ಬಟ್ಟೆ ತುರುಕುತ್ತಾಳೆ.

ಒಮ್ಮೆ, ಮಗನ ಜ್ವರದ ವರ್ಷ,
ಬೈಕಿನವನಿಂದ ನಾನು ಬೆಳಿಗ್ಗೆ ಒಂಬೈನೂರು ತೆಗೆದುಕೊಂಡೆ,
ಸಂಜೆಗೆ ಸಾವಿರ ಕೊಡುವ ಮಾತು.
ನೋಡಿದಳು. ಎರಡು ಸಂತೆ ನನ್ನೊಂದಿಗೆ ಮಾತಿಲ್ಲ.
ಮೂರನೆಯದರಲ್ಲಿ ಬೈಕು ಬಂದು ನಿಂತಾಗ
ಉಪ್ಪು ಹತ್ತಿದ ನೋಟುಗಳ ಕಟ್ಟು
ನನ್ನ ಗೋಣಿಯ ಮೇಲೆ ಬಿತ್ತು.
"ಕೊಟ್ಟು ಕಳಿಸು. ಮೀನು ನಾರುವ ದುಡ್ಡಿಗೆ
ಬಡ್ಡಿ ಅಂಟೋದಿಲ್ಲ."
ಎಂಟು ವಾರ ಬೇಕಾಯಿತು ತೀರಿಸಲು.
ಪ್ರತಿ ವಾರ ಅವಳು ಎಣಿಸಿಯೇ ತೆಗೆದುಕೊಂಡಳು,
ಎರಡೆರಡು ಸಲ.

ಮಳೆಗಾಲದಲ್ಲಿ ಒಣಮೀನು ಗಾಳಿಯಿಂದ ನೀರು ಕುಡಿಯುತ್ತದೆ.
ಬೇಸಿಗೆಯಲ್ಲಿ ಒಂದು ಕಿಲೋ ತೂಗಿದ್ದು
ಈಗ ಎಂಬತ್ತು ಗ್ರಾಂ ಹೆಚ್ಚು ತೂಗುತ್ತದೆ.
ತಕ್ಕಡಿಗೆ ಅದು ತಿಳಿಯದು.
ವಾರದ ಕೂಲಿಯನ್ನು ಮುಷ್ಟಿಯಲ್ಲಿ ಹಿಡಿದು ಬಂದ
ಎರವರ ತೋಲಿಗೂ ತಿಳಿಯದು.
ಮುಳ್ಳು ಸರಿಯಾಗಿ ನಡುವೆ ನಿಂತ ಮೇಲೆ
ನಬೀಸುಮ್ಮ ಇನ್ನೊಂದು ನಂಗು ಎತ್ತಿ ಹಾಕುತ್ತಾಳೆ:
"ಇದು ಮಳೆಯದ್ದು. ಮಳೆಯನ್ನ ನಾನು ಮಾರೋದಿಲ್ಲ."

ನನಗೆ ಗಂಟಲು ಕಟ್ಟಿತು, ದೊಡ್ಡ ಮಾತೇನೋ ಹೇಳಹೊರಟೆ.
"ಸುಮ್ನಿರು ಮಾರಾಯ," ಅಂದಳು,
"ಆ ಕಡೆ ಇನ್ನೂ ನಾಲ್ಕು ಮೀನಂಗಡಿ ಉಂಟು.
ಬರುವ ಭಾನುವಾರ ಇವಳು ನನ್ನ ಹತ್ರವೇ ಬರ್ಬೇಕು.
ಧರ್ಮ ಅಲ್ಲ ಇದು, ವ್ಯಾಪಾರ."

ಇರಬಹುದು.
ಆದರೆ ಆ ದಿನದಿಂದ
ಹಳೆ ಕಡ್ಡಿ ಹಾಕಿದ ಕೊಡೆಗೆ
ಹೊಸ ಕಡ್ಡಿಯ ರೇಟು ಹೇಳಲು
ನನ್ನ ನಾಲಿಗೆ ತಡವರಿಸುತ್ತದೆ. ನಷ್ಟವೇ.

ಕತ್ತಲಾಗುವಾಗ ಒದ್ದೆ ನೋಟುಗಳನ್ನು
ಚಹಾದ ಬಾಯ್ಲರಿನ ಹೊಟ್ಟೆಗೆ ಅಂಟಿಸಿ ಒಣಗಿಸುತ್ತಾಳೆ.
ಆಮೇಲೆ ವಿರಾಜಪೇಟೆಯ ಕೊನೆಯ ಬಸ್ಸು.
ಹೆಂಗಸರಿಗೆ ಬಿಟ್ಟಿ, ಬುಟ್ಟಿಗೆ ಮಾತ್ರ ಟಿಕೇಟು.
ಕಂಡಕ್ಟರು ಎರಡು ಚೀಟಿ ಹರಿದು ಕೊಡುತ್ತಾನೆ:
ಮೀನಿಗೆ ಹದಿನೈದು, ಅವಳಿಗೆ ಸೊನ್ನೆ.
ಕಿಟಕಿಯ ಬೆಳಕಿನಲ್ಲಿ ಕಾಣುತ್ತದೆ,
ಎರಡನ್ನೂ ನೇರ್ಪು ಮಾಡಿ
ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತಾಳೆ,
ಸೊನ್ನೆಯನ್ನೂ.